ಇನ್ಸುಲಿನ್ ತೆಗೆದುಕೊಳ್ಳುವವರು ಕಾರ್ಖಾನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಏನು ಹೇಳಬೇಕು?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು, ವಯಸ್ಸು 26, ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದೇನೆ. ಮೈಸೂರಿನ ಕೂರ್ಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ಸಂಬಳ ತಿಂಗಳಿಗೆ 19,000 ರೂಪಾಯಿ. ಮೂರು ಪಾಳಿ, ವಾರಕ್ಕೊಮ್ಮೆ ಬದಲಾಗುತ್ತದೆ. ಹದಿನಾಲ್ಕನೇ ವಯಸ್ಸಿನಿಂದ ನನಗೆ ಟೈಪ್ 1 ಮಧುಮೇಹವಿದ್ದು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಈಗ ಮೆಡಿಕಲ್ ಟೆಸ್ಟಿಗೆ ಕರೆದಿದ್ದಾರೆ. ಫಾರಂನಲ್ಲಿ ‘ಯಾವುದಾದರೂ ಕಾಯಿಲೆ ಇದೆಯೇ’ ಎಂದು ಕೇಳಿದ್ದಾರೆ. ಪರೀಕ್ಷೆಗಳ ಪಟ್ಟಿಯಲ್ಲಿ ಎಚ್‌ಐವಿಯೂ ಇದೆ. ‘ಇಲ್ಲ’ ಎಂದು ಬರೆ, ಹೇಳಿದರೆ ಕೆಲಸ ಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಏನು ಮಾಡಲಿ? ಪಾಳಿ ಮತ್ತು ತಿಂಡಿಯ ವೇಳೆಯಲ್ಲಿ ಬದಲಾವಣೆ ಕೇಳುವ ಹಕ್ಕು ನನಗಿದೆಯೇ?

ಉತ್ತರ: ಫಾರಂನಲ್ಲಿ ‘ಇಲ್ಲ’ ಎಂದು ಬರೆಯಬೇಡಿ. ಆದರೆ ಎಲ್ಲವನ್ನೂ ಎಲ್ಲರಿಗೂ ಹೇಳಬೇಕಾಗಿಯೂ ಇಲ್ಲ. ಪರೀಕ್ಷೆ ಮಾಡುವ ವೈದ್ಯರಿಗೆ ಪೂರ್ತಿಯಾಗಿ ಹೇಳಿ. ಎಚ್‌ಆರ್ ವಿಭಾಗಕ್ಕೆ ಕೆಲಸಕ್ಕೆ ಸಂಬಂಧಿಸಿದಷ್ಟನ್ನು ಮಾತ್ರ ಹೇಳಿ.

ಸ್ನೇಹಿತರ ಸಲಹೆ ಏಕೆ ತಪ್ಪು ಎಂಬುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ರಕ್ತ ಮತ್ತು ಮೂತ್ರದ ಸಾಧಾರಣ ಪರೀಕ್ಷೆಯಲ್ಲೇ ಸಕ್ಕರೆಯ ಅಂಶ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು, ಆಗ ನೀವು ಸುಳ್ಳು ಬರೆದಿರುವಿರಿ ಎಂಬುದೇ ಚರ್ಚೆಯ ವಿಷಯವಾಗುತ್ತದೆ. ಎರಡನೆಯದಾಗಿ, ‘ನೀಡಿದ ಮಾಹಿತಿ ಸುಳ್ಳೆಂದು ಕಂಡುಬಂದರೆ ನೇಮಕಾತಿಯನ್ನು ರದ್ದುಪಡಿಸಲಾಗುವುದು’ ಎಂಬ ಷರತ್ತು ಬಹುಪಾಲು ನೇಮಕಾತಿ ಪತ್ರಗಳಲ್ಲಿ ಇರುತ್ತದೆ. ಕಾಯಿಲೆಯ ಕಾರಣಕ್ಕೆ ನಿಮ್ಮನ್ನು ತೆಗೆಯಲು ಹಿಂಜರಿಯುವ ಸಂಸ್ಥೆಗೂ ಈ ಷರತ್ತು ಸುಲಭದ ದಾರಿಯಾಗುತ್ತದೆ. ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ರಾತ್ರಿ ಪಾಳಿಯ ಮೂರು ಗಂಟೆಯ ಹೊತ್ತಿಗೆ ನಿಮ್ಮ ಸಕ್ಕರೆಯ ಮಟ್ಟ ಕುಸಿದು, ಮೈ ಬೆವರಿ, ಮಾತು ತೊದಲತೊಡಗಿದರೆ, ಪಕ್ಕದ ಯಂತ್ರದಲ್ಲಿರುವವರಿಗೆ ಅದು ಏನೆಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅವರು ಅದನ್ನು ನಿದ್ದೆಯೆಂದೋ, ಕುಡಿತವೆಂದೋ, ಮೂರ್ಛೆ ರೋಗವೆಂದೋ ತಿಳಿದು ಅಮೂಲ್ಯವಾದ ನಿಮಿಷಗಳನ್ನು ಕಳೆದುಬಿಡುತ್ತಾರೆ.

ಇನ್ನು ಪರೀಕ್ಷೆಯ ಉದ್ದೇಶದ ವಿಷಯ. ಉದ್ಯೋಗಕ್ಕೆ ಮುಂಚಿನ ಆರೋಗ್ಯ ತಪಾಸಣೆಯೆಂದರೆ ಅಭ್ಯರ್ಥಿಯಲ್ಲಿ ಯಾವ ಕಾಯಿಲೆಯಿದೆ ಎಂದು ಹುಡುಕಿ ಅವರನ್ನು ಬೇರ್ಪಡಿಸುವ ಕೆಲಸ ಎಂಬ ತಿಳಿವಳಿಕೆ ಅಭ್ಯರ್ಥಿಗಳಲ್ಲೂ ಇದೆ, ಅನೇಕ ಸಂಸ್ಥೆಗಳಲ್ಲೂ ಇದೆ. ಪ್ರಯೋಗಾಲಯದವರು ಕೊಡುವ ‘ಪ್ಯಾಕೇಜ್’ ಪದ್ಧತಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ವಾಸ್ತವದಲ್ಲಿ ವೈದ್ಯರು ಉತ್ತರಿಸಬೇಕಾದ ಪ್ರಶ್ನೆ ಬೇರೆ: ಈ ವ್ಯಕ್ತಿ ಈ ನಿರ್ದಿಷ್ಟ ಕೆಲಸವನ್ನು ತನಗೂ ಇತರರಿಗೂ ಅಪಾಯವಾಗದಂತೆ ಮಾಡಬಲ್ಲರೇ, ಅದಕ್ಕಾಗಿ ಕೆಲಸದಲ್ಲಿ ಏನನ್ನಾದರೂ ಬದಲಿಸಬೇಕೇ? ಹೀಗಾಗಿ ವೈದ್ಯರು ರಕ್ತದ ವರದಿಗಿಂತ ಮೊದಲು ಕೆಲಸದ ವಿವರವನ್ನು ಕೈಗೆತ್ತಿಕೊಳ್ಳಬೇಕು. ಕೆಲಸದ ವಿವರವಿಲ್ಲದೆ ಬರೆದುಕೊಟ್ಟ ‘ಫಿಟ್’ ಅಥವಾ ‘ಅನ್‌ಫಿಟ್’ ಎಂಬ ಒಂದು ಪದಕ್ಕೆ ನಾನು ಬೆಲೆ ಕೊಡುವುದಿಲ್ಲ.

ನಿಮ್ಮ ಕೆಲಸವನ್ನೇ ನೋಡೋಣ. ಸಿಎನ್‌ಸಿ ಯಂತ್ರದಲ್ಲಿ ಕಡಿಯುವ ಭಾಗ ಮುಚ್ಚಿದ ಬಾಗಿಲಿನೊಳಗಿರುತ್ತದೆ, ಇಂಟರ್‌ಲಾಕ್ ಸರಿಯಾಗಿದ್ದರೆ ಬಾಗಿಲು ತೆರೆದಾಗ ಯಂತ್ರ ನಿಲ್ಲುತ್ತದೆ. ಆಪರೇಟರ್‌ಗೆ ಕ್ಷಣಕಾಲ ತಲೆ ತಿರುಗಿದರೂ ಕೈ ಸಿಕ್ಕಿಕೊಳ್ಳುವ ಸಂಭವ ಕಡಿಮೆ. ಅದೇ ಕಾರ್ಖಾನೆಯ ಪವರ್ ಪ್ರೆಸ್‌ನಲ್ಲಾಗಲಿ, ತಲೆಯ ಮೇಲೆ ಭಾರ ಸಾಗಿಸುವ ಕ್ರೇನಿನಲ್ಲಾಗಲಿ, ಫೋರ್ಕ್‌ಲಿಫ್ಟ್‌ನಲ್ಲಾಗಲಿ ಪರಿಸ್ಥಿತಿ ಹಾಗಿರುವುದಿಲ್ಲ. ಆದ್ದರಿಂದ ‘ಇನ್ಸುಲಿನ್ ತೆಗೆದುಕೊಳ್ಳುವವರು ಕಾರ್ಖಾನೆಗೆ ಬೇಡ’ ಎನ್ನುವುದು ಎಷ್ಟು ತಪ್ಪೋ, ‘ಯಾವ ಕೆಲಸಕ್ಕೂ ಅಡ್ಡಿಯಿಲ್ಲ’ ಎನ್ನುವುದೂ ಅಷ್ಟೇ ತಪ್ಪು. ಆಪರೇಟರ್ ಎಂದು ಸೇರಿಸಿಕೊಂಡು, ಆಳು ಕಡಿಮೆಯಾದ ದಿನ ಫೋರ್ಕ್‌ಲಿಫ್ಟ್ ಓಡಿಸಲು ಹೇಳುವ ರೂಢಿ ಇದೆಯೇ ಎಂಬುದನ್ನು ಈಗಲೇ ವಿಚಾರಿಸಿಕೊಳ್ಳಿ.

ವೈದ್ಯರು ನಿಮ್ಮ ಬಗ್ಗೆ ತಿಳಿಯಬೇಕಾದದ್ದು ಮುಖ್ಯವಾಗಿ ಇಷ್ಟು. ಕಳೆದ ಒಂದು ವರ್ಷದಲ್ಲಿ, ಬೇರೊಬ್ಬರ ಸಹಾಯ ಬೇಕಾಗುವಷ್ಟು ತೀವ್ರವಾಗಿ ಸಕ್ಕರೆ ಕುಸಿದದ್ದುಂಟೇ? ಕುಸಿಯುವಾಗ ಬೆವರು, ನಡುಕ, ಎದೆಬಡಿತದಂತಹ ಮುನ್ಸೂಚನೆ ನಿಮಗೆ ತಿಳಿಯುತ್ತದೆಯೇ, ಇಲ್ಲವೇ ಆ ಸೂಚನೆಗಳೇ ಮಾಯವಾಗಿವೆಯೇ? ದಿನಕ್ಕೆ ಎಷ್ಟು ಸಲ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಿಕೊಳ್ಳುತ್ತೀರಿ? ಕಣ್ಣಿನ ಅಕ್ಷಿಪಟಲ ಮತ್ತು ಕಾಲಿನ ನರಗಳ ಸ್ಥಿತಿ ಹೇಗಿದೆ? ಈ ಪ್ರಶ್ನೆಗಳನ್ನು ಕೇಳದೆ, ಒಂದು ಬೆಳಗಿನ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂಬ ಒಂದೇ ಕಾರಣಕ್ಕಾಗಲಿ, ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಇಂತಿಷ್ಟನ್ನು ಮೀರಿದೆ ಎಂಬ ಕಾರಣಕ್ಕಾಗಲಿ ಅನರ್ಹರೆಂದು ಬರೆಯುವುದು ವೈದ್ಯಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆ ಅಂಕಿಗಳು ನಿಮ್ಮ ಚಿಕಿತ್ಸೆ ಹೇಗೆ ನಡೆದಿದೆ ಎಂಬುದನ್ನು ಹೇಳುತ್ತವೆ. ಯಂತ್ರದ ಮುಂದೆ ನೀವು ಸುರಕ್ಷಿತರೇ ಎಂಬುದನ್ನು ಹೇಳುವುದಿಲ್ಲ. ಎಚ್‌ಬಿಎ1ಸಿ ಕಡಿಮೆ ತೋರಿಸಬೇಕೆಂದು ಪರೀಕ್ಷೆಯ ಮುಂಚೆ ಇನ್ಸುಲಿನ್ ಹೆಚ್ಚಿಸಿ ಊಟ ಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರು ತಿಂಗಳ ಸರಾಸರಿ ಮೂರು ದಿನದಲ್ಲಿ ಬದಲಾಗುವುದಿಲ್ಲ, ಜೀವಕ್ಕೆ ಅಪಾಯ ಮಾತ್ರ ಖಂಡಿತ.

ಪರೀಕ್ಷೆಗೆ ಹೋಗುವಾಗ ನಿಮ್ಮನ್ನು ನಿಯಮಿತವಾಗಿ ನೋಡುವ ವೈದ್ಯರಿಂದ ಒಂದು ಪತ್ರವನ್ನು ತೆಗೆದುಕೊಂಡು ಹೋಗಿ. ಕಾಯಿಲೆ ಎಷ್ಟು ವರ್ಷದಿಂದ ಇದೆ, ಯಾವ ಇನ್ಸುಲಿನ್, ಕಳೆದ ವರ್ಷದಲ್ಲಿ ತೀವ್ರ ಕುಸಿತವಾಗಿದೆಯೇ, ಇತ್ತೀಚೆಗೆ ಅಕ್ಷಿಪಟಲ ಪರೀಕ್ಷೆ ಯಾವಾಗ ಆಯಿತು, ಎಂಬ ನಾಲ್ಕು ಸಾಲು ಅದರಲ್ಲಿದ್ದರೆ ಸಾಕು. ನಿಮಗೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿರುವುದರಿಂದ ಅಕ್ಷಿಪಟಲ ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು. ಮೈಕ್ರೋಮೀಟರ್ ಹಿಡಿದು ಅಳತೆ ನೋಡುವ ಕೆಲಸಕ್ಕೆ ಅದು ಎರಡು ಪಟ್ಟು ಅಗತ್ಯ.

ಈ ತಪಾಸಣೆ ನಿಮ್ಮ ಪಾಲಿಗೂ ಒಂದು ರಕ್ಷೆ ಎಂಬುದನ್ನು ಇಲ್ಲಿ ಹೇಳಬೇಕು. ಶ್ರವಣ ಪರೀಕ್ಷೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ನಮ್ಮಲ್ಲಿ ಎಂಟು ಗಂಟೆಯ ಪಾಳಿಗೆ ಶಬ್ದದ ಮಿತಿ 90 ಡೆಸಿಬಲ್. ಶಬ್ದದಿಂದಾಗುವ ಕಿವಿಯ ಹಾನಿ ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ಆವರ್ತನದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ, ಮಾತು ಕೇಳಿಸುತ್ತಲೇ ಇರುವುದರಿಂದ ಹಾನಿಗೊಳಗಾದವರಿಗೇ ಅದು ವರ್ಷಗಟ್ಟಲೆ ತಿಳಿಯುವುದಿಲ್ಲ. ಕೆಲಸಕ್ಕೆ ಸೇರುವ ದಿನದ ಆಡಿಯೊಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ದಾಖಲೆ, ಕೈಯಲ್ಲಿದ್ದರೆ ಹತ್ತು ವರ್ಷದ ನಂತರ ಉಂಟಾದ ಕಿವುಡು ಎಲ್ಲಿಂದ ಬಂತು ಎಂದು ತೋರಿಸಬಹುದು. ಇಲ್ಲದಿದ್ದರೆ ‘ಮೊದಲೇ ಇತ್ತು’ ಎಂಬ ಮಾತಿಗೆ ಉತ್ತರವಿಲ್ಲ. ಹಿಂದಿನ ರಾತ್ರಿ ಶಬ್ದದ ಜಾಗದಲ್ಲಿ ದುಡಿದು ನೇರವಾಗಿ ಬಂದವರಿಗೆ ಈ ಪರೀಕ್ಷೆ ಮಾಡಬಾರದು, ಏಕೆಂದರೆ ತಾತ್ಕಾಲಿಕ ಮಂದತೆ ಶಾಶ್ವತ ದೋಷದಂತೆ ದಾಖಲಾಗುತ್ತದೆ. ವರದಿಯಲ್ಲಿ ಅನುಮಾನ ಬಂದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಜಾಗ ಮೈಸೂರಿನಲ್ಲೇ ಇರುವುದು ಈ ಭಾಗದ ಕಾರ್ಮಿಕರ ಅದೃಷ್ಟ. ಅದನ್ನು ಬಳಸಿಕೊಳ್ಳುವವರು ಇನ್ನೂ ಹೆಚ್ಚಬೇಕು.

ಎಚ್‌ಐವಿ ಪರೀಕ್ಷೆಯ ಮಾತಿಗೆ ಬಂದರೆ ಉತ್ತರ ಚಿಕ್ಕದು: ಅದನ್ನು ನಿರಾಕರಿಸಿ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ಕೆಲಸ ಪಡೆಯಲು ಎಚ್‌ಐವಿ ಪರೀಕ್ಷೆಯನ್ನು ಪೂರ್ವ ಷರತ್ತಾಗಿಸುವುದನ್ನು ಅದರ 3ನೇ ಪ್ರಕರಣ ನಿಷೇಧಿಸಿದೆ. ಖಾಸಗಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಬಹಳಷ್ಟು ಕಡೆ ಇದು ದುರುದ್ದೇಶದಿಂದಲ್ಲ, ಹಳೆಯ ಪಟ್ಟಿಯನ್ನೇ ಮತ್ತೆ ಮತ್ತೆ ಅಚ್ಚು ಹಾಕಿಸುವುದರಿಂದ ಉಳಿದುಕೊಂಡಿರುತ್ತದೆ. ‘ಈ ಪರೀಕ್ಷೆಯನ್ನು ಕಾಯ್ದೆ ಅನುಮತಿಸುವುದಿಲ್ಲ, ದಯವಿಟ್ಟು ಪಟ್ಟಿಯಿಂದ ಕೈಬಿಡಿ’ ಎಂದು ಸೌಮ್ಯವಾಗಿ ಬರೆದು ಕೊಟ್ಟರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಕೆಲಸಕ್ಕೆ ಸಂಬಂಧವಿಲ್ಲದ ಪ್ರಶ್ನೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 1991ರಷ್ಟು ಹಿಂದೆಯೇ ಮಾತನಾಡಿದೆ: ಭಾರತೀಯ ಜೀವ ವಿಮಾ ನಿಗಮದ ಅರ್ಜಿಯಲ್ಲಿ ಮಹಿಳಾ ಅಭ್ಯರ್ಥಿಗಳಿಗೆ ಮುಟ್ಟಿನ ದಿನಾಂಕ, ಹಿಂದಿನ ಗರ್ಭಧಾರಣೆಗಳ ವಿವರ ಕೇಳುತ್ತಿದ್ದ ಕಲಮುಗಳನ್ನು ತೆಗೆದುಹಾಕುವಂತೆ ಅದು ಸೂಚಿಸಿತು. ಇಷ್ಟು ವರ್ಷದ ಮೇಲೂ ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಈ ತೀರ್ಪಿನ ವಿಷಯ ತಿಳಿದಿರಬೇಕೆಂದು ನಾನು ಬಯಸುತ್ತೇನೆ.

ಯಾರಿಗೆ ಎಷ್ಟು ತಿಳಿಯಬೇಕು ಎಂಬುದರಲ್ಲಿ ಹೆಚ್ಚಿನ ಸಂಸ್ಥೆಗಳು ಎಡವುತ್ತವೆ. ತಪಾಸಣೆಯ ವೈದ್ಯರು ಸಂಸ್ಥೆಗೆ ಕೊಡಬೇಕಾದದ್ದು ತೀರ್ಮಾನವನ್ನು ಮಾತ್ರ: ಅರ್ಹ, ಕೆಲವು ನಿರ್ಬಂಧ ಅಥವಾ ಬದಲಾವಣೆಗಳೊಂದಿಗೆ ಅರ್ಹ, ತಾತ್ಕಾಲಿಕವಾಗಿ ಅನರ್ಹ, ಈ ಕೆಲಸಕ್ಕೆ ಅನರ್ಹ. ರೋಗದ ಹೆಸರು, ಔಷಧಗಳ ಪಟ್ಟಿ, ರಕ್ತದ ಅಂಕಿಗಳು ವೈದ್ಯರ ಕಡತದಲ್ಲಿ ಉಳಿಯಬೇಕು. ಪ್ರಯೋಗಾಲಯದ ಪೂರ್ತಿ ವರದಿಯನ್ನು ಎಚ್‌ಆರ್ ಸಿಬ್ಬಂದಿಯ ವಾಟ್ಸಾಪ್‌ಗೆ ಕಳುಹಿಸುವ ಇಂದಿನ ರೂಢಿ ವೈದ್ಯಕೀಯ ಗೌಪ್ಯತೆಯ ಉಲ್ಲಂಘನೆ. ಅದನ್ನು ನಾನು ಯಾವ ನೆಪಕ್ಕೂ ಸಮರ್ಥಿಸಲಾರೆ. ಫಾರಂನ ಕೊನೆಯಲ್ಲಿರುವ ಒಪ್ಪಿಗೆಯ ಸಾಲಿಗೆ ಸಹಿ ಹಾಕುವ ಮೊದಲು, ‘ವರದಿಯ ತೀರ್ಮಾನವನ್ನು ಮಾತ್ರ ಸಂಸ್ಥೆಗೆ ತಿಳಿಸಲು ನನ್ನ ಒಪ್ಪಿಗೆ ಇದೆ’ ಎಂದು ಕೈಬರಹದಲ್ಲಿ ಸೇರಿಸಿ. ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿಯನ್ನು ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರಿಗೆ ಅನ್ವಯಿಸುವ 2002ರ ವೃತ್ತಿ ನಡವಳಿಕೆಯ ನಿಯಮಗಳು ಹೇಳುತ್ತವೆ. ಪರೀಕ್ಷೆಯ ಖರ್ಚನ್ನು ಸಂಸ್ಥೆ ಕೊಟ್ಟಿದೆ ಎಂಬ ಕಾರಣಕ್ಕೆ ನಿಮ್ಮ ದಾಖಲೆ ನಿಮಗೇ ಸಿಗದಂತಾಗಬಾರದು.

ಈಗ ಹಕ್ಕಿನ ಪ್ರಶ್ನೆ. ಇಲ್ಲಿ ನಿಮಗೆ ಸಿಹಿಯಾದ ಮಾತನ್ನಷ್ಟೇ ಹೇಳಿದರೆ ತಪ್ಪಾಗುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ‘ಸಮಂಜಸ ಹೊಂದಾಣಿಕೆ’ಯನ್ನು, ಅಂದರೆ ಸಂಸ್ಥೆಗೆ ವಿಪರೀತ ಹೊರೆಯಾಗದಂತೆ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಮಾಡುವ ಬದಲಾವಣೆಯನ್ನು ಗುರುತಿಸುತ್ತದೆ, ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ವ್ಯಾಖ್ಯಾನಿಸುತ್ತದೆ. 2021ರ ಫೆಬ್ರುವರಿಯಲ್ಲಿ ಯುಪಿಎಸ್‌ಸಿ ವಿರುದ್ಧದ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಳೆತದಿಂದ ಬಳಲುತ್ತಿದ್ದ ಅಭ್ಯರ್ಥಿಗೆ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರವಿಲ್ಲದಿದ್ದರೂ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರ ನೆರವು ಸಿಗಬೇಕೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಇಷ್ಟಾದರೂ ಆ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಟೈಪ್ 1 ಮಧುಮೇಹದ ಹೆಸರಿಲ್ಲ. ಉದ್ಯೋಗದಲ್ಲಿ ಹೊಂದಾಣಿಕೆ ಒದಗಿಸಲೇಬೇಕೆಂಬ 20ನೇ ಪ್ರಕರಣದ ನೇರ ಆದೇಶವೂ ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕೆಂದು 21ನೇ ಪ್ರಕರಣ ಹೇಳುತ್ತದೆ. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಅಂಗವಿಕಲ ನೌಕರರಿಗೆ ಕೊಡುವ ಸೌಲಭ್ಯಗಳ ವಿವರ ಇರಬೇಕು. ನಿಮ್ಮ ಕಾರ್ಖಾನೆಯ ನೀತಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೆಲವು ಸಂಸ್ಥೆಗಳು ದೀರ್ಘಕಾಲದ ಕಾಯಿಲೆಗಳನ್ನೂ ಸ್ವಇಚ್ಛೆಯಿಂದ ಅದರಲ್ಲಿ ಸೇರಿಸಿರುತ್ತವೆ, ಆಗ ನಿಮ್ಮ ಮನವಿಗೆ ಅವರದೇ ಕಾಗದ ಆಧಾರವಾಗುತ್ತದೆ. ಅಷ್ಟು ಇಲ್ಲದ ಕಡೆ ನಿಮ್ಮ ಬಲ ಕಾಯ್ದೆಯ ಅಕ್ಷರಕ್ಕಿಂತ ಮನವಿಯ ಸ್ಪಷ್ಟತೆಯಲ್ಲೂ ವೈದ್ಯರ ಶಿಫಾರಸಿನಲ್ಲೂ ಇರುತ್ತದೆ. ಇದು ನ್ಯಾಯವಲ್ಲ, ಟೈಪ್ 1 ಮಧುಮೇಹಿಗಳಿಗೆ ಕಾಯ್ದೆಯ ಸ್ಪಷ್ಟ ರಕ್ಷಣೆ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಇಂದಿನ ಸ್ಥಿತಿಯನ್ನು ತಿಳಿದೇ ನೀವು ಹೆಜ್ಜೆ ಇಡಬೇಕು.

ಏನನ್ನು ಕೇಳಬೇಕು? ‘ನನಗೆ ಶುಗರ್ ಇದೆ, ಸ್ವಲ್ಪ ನೋಡಿಕೊಳ್ಳಿ’ ಎಂದರೆ ಎದುರಿಗಿರುವವರಿಗೆ ಭಯವಾಗುತ್ತದೆ, ಮಾಡಬೇಕಾದದ್ದು ಏನೆಂದು ತಿಳಿಯುವುದಿಲ್ಲ. ನಿರ್ದಿಷ್ಟವಾಗಿ ಕೇಳಿ. 1948ರ ಕಾರ್ಖಾನೆಗಳ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ಅರ್ಧ ಗಂಟೆಯ ವಿರಾಮ ಕೊಡಬೇಕು ಎಂದು ವಿಧಿಸಿತ್ತು. 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ ಹೊಸ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಬಂದ ಮೇಲೂ ಕಾರ್ಖಾನೆಗಳ ದಿನಚರಿ ಬಹುಮಟ್ಟಿಗೆ ಆ ಲೆಕ್ಕದಲ್ಲೇ ಸಾಗುತ್ತಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಕೆಲವು ದಿನ ಐದು ಗಂಟೆ ಕಾಯಲಾರರು. ಆದ್ದರಿಂದ ಪಾಳಿಯ ನಡುವೆ, ಅಗತ್ಯವೆನಿಸಿದಾಗ ಸೂಪರ್‌ವೈಸರ್‌ಗೆ ತಿಳಿಸಿ ಐದು-ಹತ್ತು ನಿಮಿಷ ಯಂತ್ರ ನಿಲ್ಲಿಸಿ ಸಕ್ಕರೆ ನೋಡಿಕೊಳ್ಳಲು, ಏನಾದರೂ ತಿನ್ನಲು ಅವಕಾಶ ಕೇಳಿ. ಶಾಪ್ ಫ್ಲೋರ್‌ನಲ್ಲಿ ತಿನ್ನುವುದು ನಿಷಿದ್ಧವಾಗಿರುವ ಕಡೆಯೂ ಗ್ಲುಕೋಸ್ ಪುಡಿಯ ಪೊಟ್ಟಣ ನಿಮ್ಮ ಜೇಬಿನಲ್ಲಿರಲು ಲಿಖಿತ ಅನುಮತಿ ಪಡೆಯಿರಿ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15 ಗ್ರಾಂನಷ್ಟು, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಬಿಸ್ಕತ್ತು, ಚಾಕೊಲೇಟುಗಳು ಆ ಹೊತ್ತಿಗೆ ತಕ್ಕಷ್ಟು ಬೇಗ ಕೆಲಸ ಮಾಡುವುದಿಲ್ಲ. ಮಟ್ಟ ಸರಿಹೋಗುವವರೆಗೆ ಯಂತ್ರ ಮುಟ್ಟಬೇಡಿ. 54ಕ್ಕಿಂತ ಕೆಳಗಿಳಿದಿದ್ದರೆ ಆ ಸಂಗತಿಯನ್ನು ಕಾರ್ಖಾನೆಯ ವೈದ್ಯರಿಗೆ ತಿಳಿಸಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿರಬೇಕು. ಬಳಕೆಯಲ್ಲಿರುವ ಪೆನ್ನನ್ನು ಯಂತ್ರದ ಬಿಸಿಗೆ, ಬಿಸಿಲಿನಲ್ಲಿ ನಿಂತ ಬೈಕಿನ ಡಿಕ್ಕಿಗೆ ಒಡ್ಡದೆ ಪ್ರಥಮ ಚಿಕಿತ್ಸಾ ಕೊಠಡಿಯಲ್ಲಿ ಇಡಲು, ಚುಚ್ಚಿಕೊಳ್ಳಲು ಮತ್ತು ಬಳಸಿದ ಸೂಜಿ ಹಾಕಲು ಜಾಗ ಕೇಳಿ.

ಪಾಳಿಯ ವಿಷಯ ಇದಕ್ಕಿಂತ ಕಷ್ಟದ್ದು. ದೀರ್ಘಾವಧಿಯ ಇನ್ಸುಲಿನ್ ಅನ್ನು ದಿನದ ಒಂದು ನಿಶ್ಚಿತ ಗಂಟೆಗೆ ತೆಗೆದುಕೊಳ್ಳಬೇಕಾಗುತ್ತದೆ, ಆದರೆ ವಾರಕ್ಕೊಮ್ಮೆ ನಿದ್ದೆ ಮತ್ತು ಊಟದ ಗಂಟೆಗಳು ತಲೆಕೆಳಗಾದರೆ ಉಳಿದ ಮೂರು ಡೋಸುಗಳ ಲೆಕ್ಕವೂ ತಪ್ಪುತ್ತದೆ. ರಾತ್ರಿ ಪಾಳಿಯನ್ನು ಶಾಶ್ವತವಾಗಿ ಬೇಡವೆಂದು ಮೊದಲ ದಿನವೇ ಕೇಳಿದರೆ, ನಿಮ್ಮ ಪಾಲಿನ ರಾತ್ರಿಗಳನ್ನು ಹೊರಬೇಕಾದ ಸಹೋದ್ಯೋಗಿಗಳ ಅಸಮಾಧಾನವೂ ಅದರ ಜೊತೆಗೆ ಬರುತ್ತದೆ. ಮೊದಲ ಮೂರು ತಿಂಗಳು ಹಗಲು ಪಾಳಿ, ಅನಂತರ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದಕ್ಕೆ ಸಾಗುವ ಕ್ರಮದಲ್ಲಿ ಬದಲಾವಣೆ, ಪ್ರತಿ ಬದಲಾವಣೆಗೂ ಒಂದು ವಾರ ಮುಂಚಿತ ಸೂಚನೆ ಎಂದು ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಅಷ್ಟರಲ್ಲಿ ನಿಮ್ಮ ವೈದ್ಯರು ಪ್ರತಿಯೊಂದು ಪಾಳಿಗೂ ಪ್ರತ್ಯೇಕ ಡೋಸಿನ ಚೀಟಿ ಬರೆದುಕೊಡಬಹುದು. ಬೆಳಗಿನ ಪಾಳಿಗೆ ಪಾಂಡವಪುರದಿಂದ ನಾಲ್ಕೂವರೆಗೆ ಹೊರಟು ತಿಂಡಿಯಿಲ್ಲದೆ ಬರುವುದಾದರೆ, ಎಲ್ಲಿ, ಎಷ್ಟು ಗಂಟೆಗೆ ತಿನ್ನುತ್ತೀರಿ ಎಂಬುದನ್ನು ಮೊದಲೇ ನಿಶ್ಚಯಿಸಿ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಊರಿಗೆ ಹೊರಡುವ ಮೊದಲು ಸಕ್ಕರೆ ನೋಡಿಕೊಳ್ಳುವುದನ್ನು ಎಂದೂ ತಪ್ಪಿಸಬೇಡಿ. ಕಾರ್ಖಾನೆಯ ಬಸ್ ಇದ್ದರೆ ಅದೇ ಉತ್ತಮ.

ಯಾರೂ ಹೇಳದ ಒಂದು ಮಾತು: ಉಕ್ಕಿನ ಮುಂಭಾಗವಿರುವ ಸುರಕ್ಷತಾ ಬೂಟು. ಬಿಗಿಯಾದ ಬೂಟಿನಲ್ಲಿ ಎಂಟು ಗಂಟೆ ನಿಂತರೆ ಆಗುವ ಸಣ್ಣ ಗುಳ್ಳೆ ಮಧುಮೇಹಿಗಳಿಗೆ ಸಣ್ಣದಾಗಿ ಉಳಿಯುವುದಿಲ್ಲ. ಪಾದದ ಅಗಲಕ್ಕೆ ತಕ್ಕ ಅಳತೆಯ ಬೂಟನ್ನು ಕೇಳಿ ಪಡೆಯಿರಿ, ಪ್ರತಿದಿನ ಪಾದಗಳನ್ನು ನೋಡಿಕೊಳ್ಳಿ. ಯಂತ್ರವನ್ನು ತಂಪಾಗಿಡುವ ಕೂಲಂಟ್ ದ್ರವ ತಗಲುವ ಕೈಯ ಗಾಯಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ.

ಈ ಮನವಿಯನ್ನು ಒಂದು ಪುಟದಲ್ಲಿ ಬರೆದು, ತಪಾಸಣೆಯ ವೈದ್ಯರ ಶಿಫಾರಸು ಬಂದ ಮೇಲೆ, ಕೆಲಸಕ್ಕೆ ಸೇರುವ ಮೊದಲು ಕೊಡಿ. ‘ನನಗೆ ಚಿಕಿತ್ಸೆಯಲ್ಲಿರುವ ದೀರ್ಘಕಾಲದ ಆರೋಗ್ಯ ಸ್ಥಿತಿಯೊಂದಿದ್ದು, ವೈದ್ಯರು ನನ್ನನ್ನು ಈ ಹುದ್ದೆಗೆ ಅರ್ಹನೆಂದು ದೃಢೀಕರಿಸಿದ್ದಾರೆ; ಸುರಕ್ಷಿತವಾಗಿ ಕೆಲಸ ಮಾಡಲು ಈ ಕೆಳಗಿನ ವ್ಯವಸ್ಥೆಗಳನ್ನು ಕೋರುತ್ತೇನೆ’ ಎಂಬಷ್ಟು ಪೀಠಿಕೆ ಸಾಕು. ಮೂರು ತಿಂಗಳ ನಂತರ ಮರುಪರಿಶೀಲನೆ ಮಾಡೋಣ ಎಂದೂ ಸೇರಿಸಿ. ತೀರ್ಮಾನ ಶಾಶ್ವತವಲ್ಲ ಎಂದು ತಿಳಿದಾಗ ವ್ಯವಸ್ಥಾಪಕರು ಸುಲಭವಾಗಿ ಒಪ್ಪುತ್ತಾರೆ. ಪ್ರಥಮ ಚಿಕಿತ್ಸಕರಿಗೆ ಮತ್ತು ನಿಮ್ಮ ಪಾಳಿಯ ಒಬ್ಬಿಬ್ಬರು ಜೊತೆಗಾರರಿಗೆ ಮಾತ್ರ ಕಾಯಿಲೆಯ ಹೆಸರನ್ನೂ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ 108ಕ್ಕೆ ಕರೆ ಮಾಡಬೇಕೆಂಬುದನ್ನೂ ನೀವೇ ಹೇಳಿಕೊಡಿ.

ಇಷ್ಟಾಗಿಯೂ ‘ಅನ್‌ಫಿಟ್’ ಎಂದು ಬಂದರೆ ಕಾರಣವನ್ನು ಲಿಖಿತವಾಗಿ ಕೇಳಿ, ವರದಿಯ ಪ್ರತಿ ಪಡೆಯಿರಿ, ನಿಮ್ಮ ತಜ್ಞ ವೈದ್ಯರ ಅಭಿಪ್ರಾಯವನ್ನು ಜೋಡಿಸಿ ಮರುಪರಿಶೀಲನೆ ಕೋರಿ. ಒಂದು ದಿನದ ಅಂಕಿಯನ್ನು ನೋಡಿ ಬರೆದ ತೀರ್ಮಾನಗಳು ಹೀಗೆ ಬದಲಾದದ್ದುಂಟು. ಆಗಲೂ ಒಪ್ಪದಿದ್ದರೆ, ಅದೇ ಸಂಸ್ಥೆಯಲ್ಲಿ ಗುಣಮಟ್ಟ ಪರಿಶೀಲನೆ, ಪ್ರೋಗ್ರಾಮಿಂಗ್, ಟೂಲ್ ರೂಮ್‌ನಂತಹ ಸಾಮಾನ್ಯ ಪಾಳಿಯ ಕೆಲಸಕ್ಕೆ ಪರಿಗಣಿಸುವಂತೆ ಕೇಳಲು ಸಂಕೋಚ ಬೇಡ. ನಿಮ್ಮ ಡಿಪ್ಲೊಮಾ ಅದಕ್ಕೂ ಸಲ್ಲುತ್ತದೆ.

ಕೆಲಸ ಸಿಕ್ಕರೆ ನಿಮ್ಮ ಸಂಬಳ 21,000 ರೂಪಾಯಿಯ ಮಿತಿಯೊಳಗಿರುವುದರಿಂದ ನೀವು ಇಎಸ್‌ಐ (ನೌಕರರ ರಾಜ್ಯ ವಿಮಾ ಯೋಜನೆ) ವ್ಯಾಪ್ತಿಗೆ ಬರುತ್ತೀರಿ. ಖಾಸಗಿ ವಿಮೆಗಳಂತೆ ಅಲ್ಲಿ ‘ಮೊದಲೇ ಇದ್ದ ಕಾಯಿಲೆ’ ಎಂಬ ಕಾರಣಕ್ಕೆ ಚಿಕಿತ್ಸೆಯನ್ನು ನಿರಾಕರಿಸುವುದಿಲ್ಲ, ಸೇರಿದ ದಿನದಿಂದಲೇ ವೈದ್ಯಕೀಯ ಸೌಲಭ್ಯ ಆರಂಭವಾಗುತ್ತದೆ. ಮೊದಲ ವಾರದಲ್ಲೇ ವಿಮಾ ಸಂಖ್ಯೆ ಪಡೆದು, ನಿಮಗೆ ಹತ್ತಿರವಾಗುವ ಇಎಸ್‌ಐ ಚಿಕಿತ್ಸಾಲಯವನ್ನು ನಮೂದಿಸಿ, ಇನ್ಸುಲಿನ್‌ನ ಚೀಟಿಯನ್ನು ಅಲ್ಲಿ ದಾಖಲಿಸಿಕೊಳ್ಳಿ.